ಮರೆತ ಸ್ವಿಚ್ಚುಗಳು

ಹಳೆಯ ಮನೆಗಳ ಸ್ವಿಚ್ ಬೋರ್ಡಿನಲ್ಲಿ ಯಾವುದಕ್ಕೆ ಸಂಬಂಧಪಟ್ಟಿದ್ದೆಂದು ಮನೆಯವರಿಗೇ ತಿಳಿಯದ ಒಂದು ಸ್ವಿಚ್ಚಾದರೂ ಇರುತ್ತದೆ. ಅದನ್ನು ಒತ್ತಿದರೆ ದೀಪ ಹತ್ತುವುದಿಲ್ಲ, ಫ್ಯಾನು ತಿರುಗುವುದಿಲ್ಲ. ಹಾಗೆಂದು ಅದನ್ನು ಕಿತ್ತು ಹಾಕಿಸುವ ಧೈರ್ಯವೂ ಯಾರಿಗೂ ಇರುವುದಿಲ್ಲ. ಅದರ ತಂತಿಯ ಇನ್ನೊಂದು ತುದಿ ಅಟ್ಟದ ಮೇಲೋ ಕೊಟ್ಟಿಗೆಯಲ್ಲೋ ಯಾವುದಕ್ಕೆ ಅಂಟಿಕೊಂಡಿದೆಯೋ ಯಾರು ಬಲ್ಲರು? ವೈರಿಂಗ್ ಮಾಡಿದ ಪುಣ್ಯಾತ್ಮ ಊರು ಬಿಟ್ಟು ಎಷ್ಟೋ ಕಾಲವಾಗಿರುತ್ತದೆ. ಆದ್ದರಿಂದ ಸುಣ್ಣ ಬಳಿಯುವಾಗಲೂ ಅದರ ಸುತ್ತ ಜೋಪಾನವಾಗಿ ಬಳಿದು, ಮಕ್ಕಳು ಮುಟ್ಟಿದರೆ ಗದರಿ, ಹಾಗೂ ಹೀಗೂ ಅದನ್ನು ಉಳಿಸಿಕೊಂಡು ಬರುತ್ತೇವೆ.

ಕಂಪ್ಯೂಟರ್ ಪ್ರೋಗ್ರಾಮುಗಳ ಒಳಗೂ ಇಂಥ ಸ್ವಿಚ್ಚುಗಳಿವೆ, ಅವಕ್ಕೂ ಒಂದು ಚರಿತ್ರೆಯಿದೆ, ಅವುಗಳಲ್ಲೊಂದು ಕೇವಲ ಮುಕ್ಕಾಲು ಗಂಟೆಯಲ್ಲಿ ಅಮೆರಿಕದ ಒಂದು ದೊಡ್ಡ ಸಂಸ್ಥೆಯನ್ನು ಮುಳುಗುವ ಸ್ಥಿತಿಗೆ ತಂದಿತ್ತು ಎಂದರೆ ಓದುಗರು ಸುಲಭಕ್ಕೆ ನಂಬಲಿಕ್ಕಿಲ್ಲ. ಅಂತರಜಾಲದ ಪುಟಗಳನ್ನು ಕಟ್ಟುವ ಕೆಲಸದಲ್ಲಿ ಬೆಂಗಳೂರಿನಲ್ಲಿ ಬಹಳ ವರ್ಷ ಕಳೆದವನು ನಾನು. ಗಿರಾಕಿಯ ಕಣ್ಣಿಗೆ ಬೀಳುವ, ಬೆರಳಿಗೆ ಸಿಗುವ ಭಾಗ ನಮ್ಮದು. ಇದಕ್ಕೆ ನಮ್ಮವರು ಫ್ರಂಟ್ ಎಂಡ್ ಎನ್ನುತ್ತಾರೆ. ಅಂಗಡಿಯ ಮುಂಗಟ್ಟು ಎಂದು ತಿಳಿದುಕೊಂಡರೆ ಸಾಕು. ಈ ಕೆಲಸದಲ್ಲಿ ದಿನಕ್ಕೆ ಹತ್ತಾರು ಸಲ ಕೈಗೆ ಸಿಗುವ ಸ್ವಿಚ್ಚುಗಳಿಗೆ ಫೀಚರ್ ಟಾಗಲ್ ಎಂದು ಹೆಸರು. ಫ್ಲಾಗ್ ಎನ್ನುವವರೂ ಇದ್ದಾರೆ. ಹೆಸರಿನಲ್ಲೇನಿದೆ, ನಾನು ಸ್ವಿಚ್ಚೆಂದೇ ಕರೆಯುತ್ತೇನೆ.

ಅದರ ರಚನೆಯಲ್ಲಿ ಗಹನವಾದದ್ದು ಏನೂ ಇಲ್ಲ. ಪ್ರೋಗ್ರಾಮಿನ ನಡುವೆ ಒಂದು ಪ್ರಶ್ನೆಯನ್ನು ಬರೆದಿಡುವುದು: ಈ ಸ್ವಿಚ್ಚು ಹಾಕಿದೆಯೆ? ಹಾಕಿದ್ದರೆ ಹೊಸ ಪುಟ ತೋರಿಸು, ಇಲ್ಲದಿದ್ದರೆ ಹಳೆಯದನ್ನೇ ತೋರಿಸು. ಹೊಸದೂ ಹಳೆಯದೂ ಎರಡೂ ಒಳಗಿರುತ್ತವೆ. ಯಕ್ಷಗಾನ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಣ್ಣ ಬರೆದು ಕಿರೀಟ ಕಟ್ಟಿದ ವೇಷ ಚೌಕಿಯಲ್ಲಿ ಸಿದ್ಧವಾಗಿ ಕೂತಿರುತ್ತದೆ. ಆಟಕ್ಕೆ ಬಂದ ಜನಕ್ಕೆ ಅದು ಇನ್ನೂ ಇಲ್ಲ. ಭಾಗವತರು ಪದ ಎತ್ತಿದ ಮೇಲೆ ಅದು ರಂಗಸ್ಥಳಕ್ಕೆ ಬರುತ್ತದೆ. ವೇಷ ಕಟ್ಟುವುದು ಬೇರೆ, ರಂಗಕ್ಕೆ ತರುವುದು ಬೇರೆ. ಈ ಎರಡು ಕೆಲಸಗಳನ್ನು ಬೇರೆಬೇರೆ ಮಾಡಬಹುದು ಎಂಬುದಷ್ಟೇ ಸ್ವಿಚ್ಚಿನ ತತ್ತ್ವ. ಇಷ್ಟು ಸರಳವಾದ ಸಂಗತಿ ಜನರ ಕೈಗೆ ಬಂದು ಏನೇನಾಯಿತು ಎಂಬುದನ್ನು ಹೇಳುವುದಕ್ಕೆ ಹೊರಟಿದ್ದೇನೆ.

ಇದರ ಹಿರಿಯಣ್ಣ ಒಬ್ಬನಿದ್ದಾನೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಸಿ ಭಾಷೆಯಲ್ಲಿ ಇಫ್‌ಡೆಫ್ ಎಂಬ ಸೂಚನೆಯಿದೆ. ಒಂದೇ ಪ್ರೋಗ್ರಾಮು ಹತ್ತು ಬಗೆಯ ಯಂತ್ರಗಳಲ್ಲಿ ಓಡಬೇಕಾದಾಗ, ಈ ಯಂತ್ರವಾದರೆ ಈ ತುಂಡನ್ನು ಸೇರಿಸು, ಆ ಯಂತ್ರವಾದರೆ ಇದನ್ನು ಬಿಟ್ಟು ಅದನ್ನು ಸೇರಿಸು ಎಂದು ಹೇಳುವುದಕ್ಕೆ ಅದು ಬಳಕೆಯಾಗುತ್ತಿತ್ತು. ಮೊದಲು ಒಂದೆರಡು ಇದ್ದದ್ದು ಬರಬರುತ್ತ ನೂರಾರಾದವು. ಕೊನೆಗೆ ಯಾವ ಸಾಲು ಯಾವಾಗ ಲೆಕ್ಕಕ್ಕೆ ಬರುತ್ತದೆ ಎಂದು ಬರೆದವನಿಗೂ ತಿಳಿಯದಂತಾಯಿತು. ಯೂಸ್‌ನೆಟ್ಟಿನ ಸುದ್ದಿ ಸಾಗಿಸುವ ಸಿ ನ್ಯೂಸ್ ಎಂಬ ಪ್ರೋಗ್ರಾಮನ್ನು ಬರೆದ ಹೆನ್ರಿ ಸ್ಪೆನ್ಸರ್ ಮತ್ತು ಜೆಫ್ ಕಾಲಿಯರ್ ಎಂಬಿಬ್ಬರು 1992ರಲ್ಲಿ ಒಂದು ಪ್ರಬಂಧ ಮಂಡಿಸಿ, ಇಫ್‌ಡೆಫ್ ಹಾನಿಕರವೆಂದು ಸಾರಿದರು. ಅಂದರೆ ವೆಬ್ ಪುಟಗಳು ಜನರ ಮನೆಗೆ ಬರುವುದಕ್ಕೆ ಮೊದಲೇ ಸ್ವಿಚ್ಚುಗಳ ಮೇಲಿನ ದೂರು ದಾಖಲಾಗಿತ್ತು.

ಆದರೆ ಆ ಸ್ವಿಚ್ಚು ಅಡುಗೆ ಮಾಡುವಾಗ ಹಾಕುವ ಉಪ್ಪಿನಂತೆ. ಪ್ರೋಗ್ರಾಮು ಸಿದ್ಧವಾಗುವ ಹೊತ್ತಿಗೇ ತೀರ್ಮಾನ ಮುಗಿದಿರುತ್ತದೆ, ಆಮೇಲೆ ತೆಗೆಯಲಾರಿರಿ. ನಾನು ಹೇಳುತ್ತಿರುವ ಸ್ವಿಚ್ಚಾದರೋ ಎಲೆಯ ಮೇಲೆ ಬಡಿಸುವಾಗಿನ ಉಪ್ಪು. ಯಾರ ಎಲೆಗೆ ಎಷ್ಟು ಎಂದು ಪಂಕ್ತಿಯಲ್ಲಿ ನಡೆಯುತ್ತಲೇ ತೀರ್ಮಾನಿಸಬಹುದು. ಇದು ಸಾಧ್ಯವಾದದ್ದು ವೆಬ್ಬಿನಿಂದ. ಅದಕ್ಕೆ ಮೊದಲು ಸಾಫ್ಟ್‌ವೇರು ಫ್ಲಾಪಿಯಲ್ಲಿ, ಆಮೇಲೆ ಸಿ.ಡಿ.ಯಲ್ಲಿ, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಪೆಟ್ಟಿಗೆಯೊಳಗೆ ಬರುತ್ತಿತ್ತು. ವೆಬ್ ಬಂದ ಮೇಲೆ ಅಂಗಡಿ ನಮ್ಮದೇ ಊರಿನಲ್ಲಿ, ನಮ್ಮದೇ ಯಂತ್ರದಲ್ಲಿ. ಬೆಳಿಗ್ಗೆ ಬದಲಾಯಿಸಿದ್ದನ್ನು ಮಧ್ಯಾಹ್ನ ಲೋಕವೆಲ್ಲ ನೋಡಬಹುದು.

ಬದಲಾಯಿಸುವವರು ಹಲವರಾದಾಗ ತೊಡಕು ಶುರುವಾಯಿತು. ಹೊಸ ಕೆಲಸ ಮಾಡುವ ಪ್ರತಿಯೊಬ್ಬನೂ ಮೂಲ ಪ್ರೋಗ್ರಾಮಿನ ಒಂದು ಪ್ರತಿಯನ್ನು ಬೇರೆ ತೆಗೆದುಕೊಂಡು, ತಿಂಗಳುಗಟ್ಟಲೆ ತನ್ನ ಪಾಡಿಗೆ ತಿದ್ದಿ, ಕೊನೆಗೆ ಎಲ್ಲರ ಪ್ರತಿಗಳನ್ನೂ ಒಂದುಗೂಡಿಸುವುದು ವಾಡಿಕೆ. ಪಾಲಾಗಿ ಬೇರೆಯಾದ ಅಣ್ಣತಮ್ಮಂದಿರು ಬದು ಕಿತ್ತು ಗದ್ದೆಗಳನ್ನು ಮತ್ತೆ ಒಂದು ಮಾಡಹೊರಟರೆ ಎಷ್ಟು ಜಗಳವಾಗಬಹುದೋ ಅಷ್ಟೂ ಇಲ್ಲಿ ಆಗುತ್ತಿತ್ತು. ಕೆನಡಾದ ವ್ಯಾಂಕೂವರ್ ನಗರದಲ್ಲಿ 2004ರಲ್ಲಿ ಹುಟ್ಟಿ ಮರುವರ್ಷ ಯಾಹೂ ಕೈಸೇರಿದ ಫ್ಲಿಕರ್ ಎಂಬ ಫೋಟೋ ತಾಣದವರು ಈ ಪಾಲುಗಾರಿಕೆಯೇ ಬೇಡವೆಂದರು. ಎಲ್ಲರೂ ಒಂದೇ ಪ್ರತಿಯಲ್ಲಿ ಬರೆಯಬೇಕು. ಮುಗಿಯದ ಕೆಲಸವನ್ನು ಸ್ವಿಚ್ಚಿನ ಹಿಂದೆ ಮುಚ್ಚಿಡಬೇಕು. 2009ರ ಜೂನಿನಲ್ಲಿ ಜಾನ್ ಆಲ್‌ಸ್ಪಾ ಮತ್ತು ಪಾಲ್ ಹ್ಯಾಮಂಡ್ ಎಂಬ ಅಲ್ಲಿನ ಇಬ್ಬರು ವೆಲಾಸಿಟಿ ಸಮ್ಮೇಳನದಲ್ಲಿ ಮಾತನಾಡುತ್ತ, ತಾವು ದಿನಕ್ಕೆ ಹತ್ತಕ್ಕೂ ಹೆಚ್ಚು ಸಲ ತಾಣವನ್ನು ಬದಲಾಯಿಸುತ್ತೇವೆ ಎಂದಾಗ, ತಿಂಗಳಿಗೊಮ್ಮೆ ಬದಲಾಯಿಸಲು ದೇವರಿಗೆ ಹರಕೆ ಹೊರುತ್ತಿದ್ದ ನಮ್ಮಂಥವರಿಗೆ ಅದು ಕಟ್ಟುಕಥೆಯೆನಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿಯವರೇ ಆದ ರಾಸ್ ಹಾರ್ಮ್ಸ್ ಒಂದು ಸಣ್ಣ ಲೇಖನ ಬರೆದು ಗುಟ್ಟನ್ನು ಬಿಚ್ಚಿಟ್ಟರು. ಒಂಟಿಕೊಂಬಿನ ಕುದುರೆಗಳ ಪೋಲೋ ಆಟ ಎಂಬ ತಮಾಷೆಯ ಹೆಸರಿನ ಒಂದು ಸ್ವಿಚ್ಚನ್ನು ಅವರು ಉದಾಹರಣೆಗೆ ತೆಗೆದುಕೊಂಡಿದ್ದರು. ಕೆಲವೇ ಸಾಲಿನ ಉದಾಹರಣೆ. ಮರುವರ್ಷ ಮಾರ್ಟಿನ್ ಫೌಲರ್ ಎಂಬ ಹೆಸರಾಂತ ಸಾಫ್ಟ್‌ವೇರ್ ಲೇಖಕರು ಫೀಚರ್ ಟಾಗಲ್ ಎಂಬ ತಲೆಬರಹದ ಕೆಳಗೆ ಇದನ್ನು ವಿವರಿಸಿದರು. ಹೆಸರು ನಿಂತಿತು.

ಇದಕ್ಕೂ ಮೊದಲೇ ಫೇಸ್‌ಬುಕ್ಕಿನವರು ಇದೇ ತತ್ತ್ವವನ್ನು ಇನ್ನೊಂದು ರೀತಿಯಲ್ಲಿ ಬಳಸಿದ್ದರು. 2008ರ ಏಪ್ರಿಲಿನಲ್ಲಿ ಅವರ ಪುಟದಲ್ಲಿ ಹರಟೆಯ ಕಿಟಕಿ ತೆರೆದುಕೊಂಡಿತು. ಆಗ ಅವರಿಗೆ ಸುಮಾರು 7 ಕೋಟಿ ಬಳಕೆದಾರರು. ಅಷ್ಟು ಜನ ಒಂದೇ ದಿನ ಮಾತಿಗಿಳಿದರೆ ಯಂತ್ರಗಳು ತಡೆಯುತ್ತವೆಯೆ? ಪರೀಕ್ಷಿಸಲು ಅವರು ಮಾಡಿದ ಉಪಾಯ ಇದು: ಹರಟೆಯ ಪ್ರೋಗ್ರಾಮನ್ನು ಪುಟದೊಳಗೆ ಮೊದಲೇ ಕಳಿಸಿಬಿಟ್ಟರು, ಆದರೆ ಅದರ ಒಂದು ಗೆರೆಯನ್ನೂ ಪರದೆಯ ಮೇಲೆ ಮೂಡಿಸಲಿಲ್ಲ. ಜನ ತಮ್ಮ ಪಾಡಿಗೆ ಫೋಟೋ ನೋಡುತ್ತಿರುವಾಗ ಅವರ ಬ್ರೌಸರುಗಳು ಒಳಗಿಂದೊಳಗೇ ಹರಟೆಯ ಯಂತ್ರಗಳಿಗೆ ಕರೆ ಕಳಿಸುತ್ತ, ಸಂದೇಶ ಕಳಿಸಿದಂತೆ ನಟಿಸುತ್ತ ಇದ್ದವು. ಇದಕ್ಕೆ ಅವರು ಡಾರ್ಕ್ ಲಾಂಚ್ ಎಂದರು. ಕತ್ತಲಲ್ಲಿ ನಡೆದ ತಾಲೀಮು. ನಿಜವಾದ ದಿನ ಬಂದಾಗ ಮಾಡಬೇಕಾಗಿದ್ದದ್ದು ಪರದೆ ಸರಿಸುವುದಷ್ಟೆ. ಉಪಾಯ ಮೆಚ್ಚತಕ್ಕದ್ದೇ. ಆದರೆ ತನ್ನ ಕಂಪ್ಯೂಟರು ತಾಲೀಮಿಗೆ ಎರವಲು ಹೋಗಿದೆ ಎಂಬುದು ಅದರ ಯಜಮಾನನಿಗೆ ತಿಳಿದಿರಲಿಲ್ಲ ಎಂಬುದನ್ನೂ ಇಲ್ಲಿಯೇ ಗುರುತಿಸಿಕೊಳ್ಳಬೇಕು.

ಯಾರಿಗೆ ತೋರಿಸಬೇಕು, ಯಾರಿಗೆ ಬೇಡ ಎಂದು ಆರಿಸುವ ಶಕ್ತಿ ಬಂದ ಮೇಲೆ ಅದರಿಂದ ಪ್ರಯೋಗ ನಡೆಸುವ ಆಸೆ ಬಾರದಿರುತ್ತದೆಯೆ? ಅರ್ಧ ಜನಕ್ಕೆ ಕೆಂಪು ಗುಂಡಿ, ಅರ್ಧ ಜನಕ್ಕೆ ಹಸಿರು ಗುಂಡಿ. ಯಾವುದನ್ನು ಹೆಚ್ಚು ಜನ ಒತ್ತಿದರೋ ಅದು ಗೆದ್ದಿತು. ಗೂಗಲ್ಲಿನಲ್ಲಿ ವಿನ್ಯಾಸಕಾರರಾಗಿದ್ದ ಡಗ್ಲಾಸ್ ಬೌಮನ್ 2009ರಲ್ಲಿ ಕೆಲಸ ಬಿಡುವಾಗ, ನೀಲಿಯ 41 ಛಾಯೆಗಳಲ್ಲಿ ಯಾವುದು ಒಳ್ಳೆಯದೆಂದು ಅಲ್ಲಿ ಪರೀಕ್ಷೆಗೆ ಹಚ್ಚಿದ್ದನ್ನು ಬರೆದುಕೊಂಡರು. ಇದಾದರೂ ನಗೆಯ ಮಾತು. 2012ರ ಜನವರಿಯ ಒಂದು ವಾರ ಫೇಸ್‌ಬುಕ್ಕು 6,89,003 ಜನರ ಪುಟಗಳಲ್ಲಿ ಕೆಲವರಿಗೆ ಸಂತೋಷದ ಬರಹಗಳನ್ನೂ ಕೆಲವರಿಗೆ ದುಃಖದ ಬರಹಗಳನ್ನೂ ಕಡಿಮೆ ಮಾಡಿ ತೋರಿಸಿ, ಅದರಿಂದ ಅವರು ಬರೆಯುವ ಮಾತು ಹೇಗೆ ಬದಲಾಗುತ್ತದೆ ಎಂದು ನೋಡಿತು. 2014ರಲ್ಲಿ ಇದು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದಾಗ ಜನ ಸಿಟ್ಟಾದರು. ಸಿಟ್ಟು ಸಹಜ. ಪತ್ರಿಕೆಯ ಮುಖಪುಟ ಎಲ್ಲರಿಗೂ ಒಂದೇ. ಪುಟ ಒಂದೇ ಎಂದು ನಂಬಿಸಿ ಒಬ್ಬೊಬ್ಬರಿಗೆ ಒಂದೊಂದು ತೋರಿಸಿದರೆ, ಪಕ್ಕದ ಮನೆಯವನೊಂದಿಗೆ ಅದರ ಬಗ್ಗೆ ಮಾತಾಡುವ ನೆಲೆಯೇ ಇಲ್ಲವಾಗುತ್ತದೆ.

ಇನ್ನು ಮುಕ್ಕಾಲು ಗಂಟೆಯ ಕಥೆ. ಇದು ವೆಬ್ ಪುಟದ್ದಲ್ಲ, ಷೇರುಪೇಟೆಯದು. ಆದರೂ ಸ್ವಿಚ್ಚಿನ ಚರಿತ್ರೆಯನ್ನು ಇದನ್ನು ಬಿಟ್ಟು ಹೇಳಲಾಗದು. ನ್ಯೂಜೆರ್ಸಿಯ ನೈಟ್ ಕ್ಯಾಪಿಟಲ್ ಎಂಬ ಸಂಸ್ಥೆ ಇತರರ ಪರವಾಗಿ ಷೇರು ಕೊಂಡು ಮಾರುವ ದೊಡ್ಡ ದಲ್ಲಾಳಿ. ಅದರ ಪ್ರೋಗ್ರಾಮಿನಲ್ಲಿ ಪವರ್ ಪೆಗ್ ಎಂಬ ಹಳೆಯ ವ್ಯವಹಾರದ ತುಂಡೊಂದಿತ್ತು. 2003ರಲ್ಲಿಯೇ ಅದನ್ನು ಬಳಸುವುದನ್ನು ಬಿಟ್ಟರು. ಬಿಟ್ಟರೇ ಹೊರತು ಕೀಳಲಿಲ್ಲ. ಕೊಂಡದ್ದು ಸಾಕು, ನಿಲ್ಲಿಸು ಎಂದು ಅದಕ್ಕೆ ಹೇಳುವ ಲೆಕ್ಕದ ಭಾಗವನ್ನು 2005ರಲ್ಲಿ ಬೇರೆ ಕಡೆಗೆ ಸಾಗಿಸಿದರು. ಹಳೆಯ ಎತ್ತು ಹಟ್ಟಿಯಲ್ಲೇ ಉಳಿಯಿತು, ಮೂಗುದಾರ ಮಾತ್ರ ಹೋಯಿತು.

2012ರಲ್ಲಿ ಹೊಸ ವ್ಯವಹಾರವೊಂದಕ್ಕೆ ಪ್ರೋಗ್ರಾಮು ಬರೆದಾಗ, ಪವರ್ ಪೆಗ್ಗಿಗೆ ಬಳಸುತ್ತಿದ್ದ ಅದೇ ಸ್ವಿಚ್ಚನ್ನು ಹೊಸದಕ್ಕೆ ಇಟ್ಟುಕೊಂಡರು. ಹೊಸ ಪ್ರೋಗ್ರಾಮನ್ನು 8 ಯಂತ್ರಗಳಿಗೆ ಹಾಕಬೇಕಿತ್ತು. ಜುಲೈ ಕೊನೆಯಲ್ಲಿ ಹಾಕಿದವನು 7ಕ್ಕೆ ಹಾಕಿದ, ಎಂಟನೆಯದು ಬಿಟ್ಟುಹೋಯಿತು. ಮತ್ತೊಬ್ಬರು ನೋಡಬೇಕೆಂಬ ನಿಯಮ ಅಲ್ಲಿರಲಿಲ್ಲ. ಆಗಸ್ಟ್ 1ರ ಬೆಳಿಗ್ಗೆ ಸ್ವಿಚ್ಚು ಹಾಕಿದಾಗ ಏಳು ಯಂತ್ರಗಳು ಅದನ್ನು ಹೊಸ ಅರ್ಥದಲ್ಲಿ ತೆಗೆದುಕೊಂಡವು, ಎಂಟನೆಯದು ಹಳೆಯ ಅರ್ಥದಲ್ಲಿ ತೆಗೆದುಕೊಂಡಿತು. ಪೇಟೆ ತೆರೆಯುವ ಮೊದಲೇ ಯಂತ್ರ ಪವರ್ ಪೆಗ್ಗಿನ ಹೆಸರೆತ್ತಿ 97 ಮಿಂಚಂಚೆಗಳನ್ನು ಸಿಬ್ಬಂದಿಗೆ ಕಳಿಸಿತ್ತು. ಅವು ಎಚ್ಚರಿಕೆಯ ಗಂಟೆಯೆಂದು ಯಾರೂ ಎಣಿಸಲಿಲ್ಲ. ಪೇಟೆ ತೆರೆಯಿತು. ಬಂದಿದ್ದ 212 ಬೇಡಿಕೆಗಳನ್ನು ಪೂರೈಸಲು ಹೊರಟ ಯಂತ್ರ, ನಿಲ್ಲಿಸುವವರಿಲ್ಲದೆ, 45 ನಿಮಿಷದಲ್ಲಿ 40 ಲಕ್ಷ ವಹಿವಾಟು ನಡೆಸಿತು. ನಡುವೆ ಗಾಬರಿಯಿಂದ, ಹೊಸ ಪ್ರೋಗ್ರಾಮಿನಲ್ಲೇ ದೋಷವಿರಬೇಕೆಂದು ಸರಿಯಾಗಿದ್ದ ಏಳು ಯಂತ್ರಗಳಿಂದಲೂ ಅದನ್ನು ತೆಗೆದರು; ಆಗ ಎಂಟೂ ಸೇರಿ ಕುಣಿದವು. ನಷ್ಟ 46 ಕೋಟಿ ಡಾಲರಿಗೂ ಹೆಚ್ಚು. ಸಂಸ್ಥೆ ಹೊರಗಿನವರ ಹಣದಿಂದ ಜೀವ ಉಳಿಸಿಕೊಂಡು ಮರುವರ್ಷ ಗೆಟ್ಕೋ ಎಂಬ ಇನ್ನೊಂದರೊಂದಿಗೆ ವಿಲೀನವಾಯಿತು. 2013ರ ಅಕ್ಟೋಬರಿನಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ 1.2 ಕೋಟಿ ಡಾಲರ್ ದಂಡ ವಿಧಿಸಿ ಹೊರಡಿಸಿದ ಆದೇಶದಲ್ಲಿ ಈ ವಿವರಗಳೆಲ್ಲ ಇವೆ. ನಮ್ಮ ವೃತ್ತಿಗೆ ಬರುವ ಪ್ರತಿಯೊಬ್ಬ ಹುಡುಗ, ಹುಡುಗಿ ಆ ಆದೇಶವನ್ನು ಒಮ್ಮೆ ಓದಬೇಕು.

ಎಂಟು ಯಂತ್ರಗಳಲ್ಲಿ ಒಂದನ್ನು ಮರೆತದ್ದಕ್ಕೆ ಇಷ್ಟಾಯಿತು. ಮುಂಗಟ್ಟಿನ ಕೆಲಸದಲ್ಲಿರುವ ನಮಗೆ ಈ ಎಂಟನೆಯ ಯಂತ್ರ ದಿನನಿತ್ಯದ ಸಂಗಾತಿ. ಏಕೆಂದರೆ ನಮ್ಮ ಪ್ರೋಗ್ರಾಮು ಓಡುವುದು ನಮ್ಮ ಕೋಣೆಯ ಯಂತ್ರದಲ್ಲಲ್ಲ, ಗಿರಾಕಿಯ ಬ್ರೌಸರಿನಲ್ಲಿ. ಅವನು ಸೋಮವಾರ ಬೆಳಿಗ್ಗೆ ತೆರೆದ ಪುಟವನ್ನು ಮುಚ್ಚದೆ ಹಾಗೇ ಬಿಟ್ಟು ಗುರುವಾರ ಮತ್ತೆ ಬಂದು ಗುಂಡಿ ಒತ್ತುತ್ತಾನೆ. ಅಷ್ಟರಲ್ಲಿ ನಮ್ಮಲ್ಲಿ ಎಲ್ಲ ಬದಲಾಗಿರುತ್ತದೆ, ಅವನಲ್ಲಿ ಸೋಮವಾರವೇ ನಡೆಯುತ್ತಿರುತ್ತದೆ. ಅಂಥ ಎಂಟನೆಯ ಯಂತ್ರಗಳು ಊರೂರುಗಳಲ್ಲಿ ಸಾವಿರಗಟ್ಟಲೆ ಇರುತ್ತವೆ. ಹೀಗಾಗಿ ಒಂದು ಸ್ವಿಚ್ಚಿನ ಹೆಸರನ್ನು ಒಮ್ಮೆ ಬಳಸಿದ ಮೇಲೆ ಇನ್ನೊಂದು ಅರ್ಥದಲ್ಲಿ ಮತ್ತೆ ಬಳಸಬಾರದು ಎಂಬುದು ನಮ್ಮಲ್ಲಿ ಮಡಿಯಷ್ಟೇ ಕಟ್ಟುನಿಟ್ಟು.

ಎರಡನೆಯ ತೊಡಕು ಇನ್ನೂ ವಿಚಿತ್ರ. 1995ರಲ್ಲಿ ನೆಟ್‌ಸ್ಕೇಪಿನ ಬ್ರೆಂಡನ್ ಐಕ್ ರೂಪಿಸಿದ ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ನಾವು ಬರೆದದ್ದೆಲ್ಲ ಗಿರಾಕಿಯ ಮನೆಗೇ ಹೋಗುತ್ತದೆ. ಸ್ವಿಚ್ಚಿನ ಹಿಂದೆ ಬಚ್ಚಿಟ್ಟ ಹೊಸ ಪುಟವೂ ಅದರೊಂದಿಗೆ ಸಾಮಾನ್ಯವಾಗಿ ಹೋಗಿರುತ್ತದೆ, ಕಾಣಿಸುವುದಿಲ್ಲ ಅಷ್ಟೆ. ಬಲ್ಲವನೊಬ್ಬ ಬ್ರೌಸರಿನ ಒಳಬಾಗಿಲು ತೆರೆದು ನೋಡಿದರೆ ಸ್ವಿಚ್ಚಿನ ಹೆಸರೂ ಕಾಣುತ್ತದೆ, ಒತ್ತಿ ನೋಡಲೂ ಬರುತ್ತದೆ. ದೊಡ್ಡ ಕಂಪನಿಗಳು ಘೋಷಿಸುವ ಮೊದಲೇ ಅವುಗಳ ಹೊಸ ಯೋಜನೆಗಳನ್ನು ಹೀಗೆ ಹುಡುಕಿ ಬಯಲು ಮಾಡುವವರಿದ್ದಾರೆ. ಹಾಗಾಗಿ ಮುಂಗಟ್ಟಿನ ಸ್ವಿಚ್ಚು ಪರದೆಯೇ ಹೊರತು ಬೀಗವಲ್ಲ. ನಿಜವಾಗಿ ಕಾಯಬೇಕಾದದ್ದನ್ನು ಒಳಮನೆಯಲ್ಲಿ, ಅಂದರೆ ನಮ್ಮ ಯಂತ್ರದಲ್ಲಿಯೇ ಕಾಯಬೇಕು. ಮೂರನೆಯದಾಗಿ ಮಿನುಗು. ಸ್ವಿಚ್ಚಿನ ಸ್ಥಿತಿ ತಿಳಿಯುವ ಮೊದಲೇ ಹಳೆಯ ಪುಟ ಮೂಡಿ, ತಿಳಿದ ಮೇಲೆ ತಟ್ಟನೆ ಹೊಸದಾಗುತ್ತದೆ. ಒತ್ತಲು ಹೋದ ಗುಂಡಿ ಬೆರಳಿನ ಕೆಳಗಿಂದಲೇ ಜಾರುತ್ತದೆ. ಇದಕ್ಕೆ ಬೈಸಿಕೊಳ್ಳುವವರು ನಾವೇ.

ನಾಲ್ಕನೆಯದು ಲೆಕ್ಕ. ಒಂದು ಸ್ವಿಚ್ಚಿದ್ದರೆ ಪುಟಕ್ಕೆ ಎರಡು ರೂಪ. ಹತ್ತಿದ್ದರೆ 1,024. ಇಪ್ಪತ್ತಿದ್ದರೆ ಹತ್ತು ಲಕ್ಷ ದಾಟುತ್ತದೆ. ಇಷ್ಟೂ ರೂಪಗಳನ್ನು ಪರೀಕ್ಷಿಸಿದವರು ಲೋಕದಲ್ಲಿ ಯಾರೂ ಇಲ್ಲ. ಗಿರಾಕಿ ಕಾಣುತ್ತಿರುವ ರೂಪವನ್ನು ಕಟ್ಟಿದ ನಾವೇ ಕಂಡಿರುವುದಿಲ್ಲ ಎಂಬ ಮಾತು ಮೊದಲ ಸಲ ಹೊಳೆದಾಗ ನನಗೆ ಸ್ವಲ್ಪ ಭಯವಾಗಿತ್ತು.

ಪೀಟ್ ಹಾಜ್‌ಸನ್ ಎಂಬುವರು 2016ರಿಂದ 2017ರವರೆಗೆ ತಿದ್ದಿ ಬೆಳೆಸಿದ ಒಂದು ದೀರ್ಘ ಲೇಖನದಲ್ಲಿ ಈ ಸ್ವಿಚ್ಚುಗಳನ್ನು ನಾಲ್ಕು ಜಾತಿಯಾಗಿ ವಿಂಗಡಿಸಿದರು. ಮುಗಿಯದ ಕೆಲಸವನ್ನು ಮುಚ್ಚಿಡುವಂಥದು ಒಂದು, ಪ್ರಯೋಗದ್ದು ಒಂದು, ಯಂತ್ರಕ್ಕೆ ಭಾರ ಹೆಚ್ಚಾದಾಗ ಕೆಲವು ಸೌಕರ್ಯ ಆರಿಸಿಬಿಡಲು ಇಟ್ಟದ್ದು ಒಂದು, ಹಣ ಕೊಟ್ಟವರಿಗೆ ಹೆಚ್ಚು, ಕೊಡದವರಿಗೆ ಕಡಿಮೆ ಎಂದು ಬೇರ್ಪಡಿಸುವುದು ಇನ್ನೊಂದು. ಕೊನೆಯ ಎರಡು ಬಹುಕಾಲ ಬಾಳಬಹುದು. ಮೊದಲಿನವಕ್ಕೆ ಆಯುಸ್ಸು ದಿನಗಳ ಅಥವಾ ವಾರಗಳ ಲೆಕ್ಕದಲ್ಲಿರಬೇಕು. ಪ್ರತಿ ಸ್ವಿಚ್ಚೂ ಗೋದಾಮಿನಲ್ಲಿಟ್ಟ ಸರಕಿನಂತೆ, ಇಟ್ಟಷ್ಟು ದಿನವೂ ಬಾಡಿಗೆ ಬೀಳುತ್ತದೆ ಎಂಬುದು ಅವರ ಮಾತಿನ ಸಾರಾಂಶ. ಈ ವಿಂಗಡಣೆ ನನಗೆ ಬಹಳ ಉಪಕಾರ ಮಾಡಿದೆ. ಆದರೆ ನಾನು ಕಂಡ ಒಂದು ಸ್ವಿಚ್ಚು ಈ ನಾಲ್ಕರಲ್ಲಿ ಯಾವ ಜಾತಿಗೂ ಸೇರಲಿಲ್ಲ. ಅದನ್ನು ಇಲ್ಲಿ ದಾಖಲಿಸಬೇಕೆಂದೇ ಇಷ್ಟು ದೂರ ಬಂದೆ.

ನಾನು ಕೆಲವು ವರ್ಷ ದುಡಿದ ಒಂದು ಕಂಪನಿ, ಹೆಸರು ಬೇಡ, ಮನೆಬಳಕೆಯ ಸಾಮಾನುಗಳನ್ನು ಅಂತರಜಾಲದ ಮೂಲಕ ಮಾರುತ್ತಿತ್ತು. ಪುಟವೆಲ್ಲ ಇಂಗ್ಲಿಷಿನಲ್ಲಿ. ನಾವು ಮೂವರು ಕನ್ನಡದವರು ಮೇಲಿನವರನ್ನು ಒಪ್ಪಿಸಿ ಅದಕ್ಕೊಂದು ಕನ್ನಡ ರೂಪ ಕಟ್ಟಿದೆವು. ಕೆಲಸ ಅಂದುಕೊಂಡಷ್ಟು ಹಗುರವಿರಲಿಲ್ಲ. ಇಂಗ್ಲಿಷಿನ ಅಳತೆಗೆ ಮಾಡಿದ ಗುಂಡಿಗಳಲ್ಲಿ ನಮ್ಮ ಒತ್ತಕ್ಷರಗಳ ಕಾಲು ಕತ್ತರಿಸಿ ಹೋಗುತ್ತಿತ್ತು. ಸಾಲಿನ ಎತ್ತರವನ್ನೆಲ್ಲ ಬದಲಾಯಿಸಬೇಕಾಯಿತು. ಕಾರ್ಟಿಗೆ ಏನೆನ್ನಬೇಕೆಂದು ಎರಡು ದಿನ ಚರ್ಚೆ ನಡೆದು, ಬುಟ್ಟಿ ಎಂದು ತೀರ್ಮಾನವಾಯಿತು. ಬುಟ್ಟಿಗೆ ಹಾಕಿ, ಬುಟ್ಟಿಯಿಂದ ತೆಗೆಯಿರಿ. ಈಗಲೂ ಆ ಪದ ನನಗೆ ಇಷ್ಟ.

ಎಲ್ಲವನ್ನೂ ಒಂದು ಸ್ವಿಚ್ಚಿನ ಹಿಂದಿಟ್ಟು, ಮೊದಲು ನೂರಕ್ಕೆ ಐದು ಜನಕ್ಕೆ ತೋರಿಸೋಣವೆಂದರು. ಅದೇ ಸರಿಯಾದ ಕ್ರಮ. ಈ ಐದು ಜನರನ್ನು ಯಾರೂ ಕೂತು ಆರಿಸುವುದಿಲ್ಲ. ಪ್ರತಿ ಗಿರಾಕಿಗೂ ಒಂದು ಸಂಖ್ಯೆಯಿರುತ್ತದೆ. ಅದನ್ನು ಲೆಕ್ಕದಲ್ಲಿ ಕಲಸಿ ನೂರು ಗುಂಪುಗಳಲ್ಲಿ ಒಂದಕ್ಕೆ ಹಾಕುತ್ತದೆ ಯಂತ್ರ. ಮೊದಲ ಐದು ಗುಂಪಿನವರಿಗೆ ಕನ್ನಡ. ಒಂದೇ ಮನೆಯಲ್ಲಿ ಅಕ್ಕ ಒಂದು ಗುಂಪಿಗೂ ತಮ್ಮ ಇನ್ನೊಂದು ಗುಂಪಿಗೂ ಬೀಳಬಹುದು. ತಿಂಗಳು ನೋಡಿ ಹತ್ತಕ್ಕೆ, ಐವತ್ತಕ್ಕೆ, ನೂರಕ್ಕೆ ಏರಿಸುವ ಯೋಜನೆಯಿತ್ತು. ಅಷ್ಟರಲ್ಲಿ ವಿಭಾಗಗಳು ಅದಲುಬದಲಾದವು. ಒಪ್ಪಿಗೆ ಕೊಟ್ಟವರು ಬೇರೆ ಕಡೆಗೆ ಹೋದರು. ನಮ್ಮನ್ನು ಬೇರೆ ಕೆಲಸಕ್ಕೆ ಹಚ್ಚಿದರು. ಏರಿಸೋಣವೆ ಎಂದು ನಾವು ಕೇಳಿದಾಗಲೆಲ್ಲ ಬಂದ ಉತ್ತರ ಒಂದೇ: ಮುಂದಿನ ತ್ರೈಮಾಸಿಕದಲ್ಲಿ ನೋಡೋಣ. ಬೇಡ ಎಂದು ಯಾರೂ ಹೇಳಲಿಲ್ಲ. ಬೇಡವೆನ್ನುವ ಕಷ್ಟ ಅವರಿಗಿರಲೂ ಇಲ್ಲ, ಸ್ವಿಚ್ಚು ಇತ್ತಲ್ಲ. ಹಾಕಲೂ ಇಲ್ಲ, ತೆಗೆಯಲೂ ಇಲ್ಲ, ಮೂರು ವರ್ಷ ಅದು ಐದರ ಮೇಲೆ ನಿಂತಿತು. ಈ ನಡುವೆ ಬಂದ ಹೊಸ ಪುಟಗಳೆಲ್ಲ ಇಂಗ್ಲಿಷಿನಲ್ಲಿ ಮಾತ್ರ ಬಂದವು. ನೂರಕ್ಕೆ ಐದು ಜನ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನ ಮುರುಕು ಪುಟದಲ್ಲಿ ಸಾಮಾನು ಕೊಳ್ಳುತ್ತಿದ್ದರು.

ಗಿರಾಕಿಗಳ ದೂರವಾಣಿ ಕರೆಗಳನ್ನು ನಾವು ಆಗೀಗ ಕೇಳಿಸಿಕೊಳ್ಳಬೇಕೆಂಬ ಒಳ್ಳೆಯ ಪದ್ಧತಿ ಅಲ್ಲಿತ್ತು. ಒಂದು ದಿನ ಹಾವೇರಿ ಕಡೆಯ ಹೆಣ್ಣುಮಗಳೊಬ್ಬಳ ಕರೆ. "ನಮ್ಮ ತಮ್ಮನ ಫೋನ್‌ನ್ಯಾಗ ನಿಮ್ಮ ಅಂಗಡಿ ಕನ್ನಡದಾಗ ಬರ್ತೈತ್ರಿ. ನನ್ನ ಫೋನ್‌ನ್ಯಾಗ ಯಾಕ ಬರಂಗಿಲ್ಲ? ನಾನೇನು ಕೂಡಸಬೇಕ್ರಿ ಅದರಾಗ?" ಕರೆ ತೆಗೆದುಕೊಂಡ ಹುಡುಗನಿಗೆ ಸ್ವಿಚ್ಚಿನ ವಿಷಯ ಯಾರೂ ಹೇಳಿರಲಿಲ್ಲ. ಅವನು ತನ್ನ ಮುಂದಿನ ಪಟ್ಟಿ ನೋಡಿ, "ಮೇಡಂ, ನಮ್ಮಲ್ಲಿ ಕನ್ನಡ ಸೌಲಭ್ಯವೇ ಇಲ್ಲ" ಎಂದ. "ಇಲ್ಲ ಅಂದ್ರ ಹ್ಯಾಂಗ್ರಿ, ನಾ ಕಣ್ಣಾರೆ ನೋಡೀನಲ್ಲ" ಎಂದಳು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಸ್ವಲ್ಪ ಹೊತ್ತು ವಾದಿಸಿ ಆಕೆಯೇ, "ಇರಲಿ ಬಿಡ್ರಿ, ನನ್ನ ಫೋನೇ ಹಳೇದು ಇರಬೇಕು" ಎಂದು ಸಮಾಧಾನ ಮಾಡಿಕೊಂಡು ಫೋನು ಇಟ್ಟಳು. ಆಕೆಯ ಫೋನಿನಲ್ಲಿ ಯಾವ ದೋಷವೂ ಇರಲಿಲ್ಲ. ಆ ಕರೆಯನ್ನು ಬರೆದು ಮೇಲಕ್ಕೆ ಕಳಿಸಿದೆವು. ಮುಂದಿನ ತ್ರೈಮಾಸಿಕದಲ್ಲಿ ನೋಡೋಣ ಎಂದರು.

ಮರುವರ್ಷ ಹಳೆಯ ಸ್ವಿಚ್ಚುಗಳನ್ನು ಗುಡಿಸುವ ಕಾರ್ಯಕ್ರಮ ಬಂತು. ಅದು ಬರಬೇಕಾದದ್ದೇ. ಎಲ್ಲ ಕಡೆಯೂ ಈ ಗುಡಿಸುವ ಕೆಲಸ ನಡೆದಿದೆ; ಊಬರ್ ಕಂಪನಿಯವರು ಸತ್ತ ಸ್ವಿಚ್ಚುಗಳನ್ನು ಹುಡುಕಿ ಕಿತ್ತುಹಾಕಲೆಂದೇ ಪಿರಾನಾ ಎಂಬ ಮಾಂಸ ತಿನ್ನುವ ಮೀನಿನ ಹೆಸರಿನ ಒಂದು ಪ್ರೋಗ್ರಾಮನ್ನು ಬರೆದು, ಅದರಿಂದ ಸುಮಾರು 2,000 ಸ್ವಿಚ್ಚುಗಳನ್ನು ತೆಗೆದುದಾಗಿ 2020ರಲ್ಲಿ ತಿಳಿಸಿದರು. ನಮ್ಮಲ್ಲಿ ಹೊಸದಾಗಿ ಸೇರಿದ ಒಬ್ಬ ಚುರುಕಾದ ಹುಡುಗನಿಗೆ ಆ ಕೆಲಸ ಬಿತ್ತು. ವರ್ಷಕ್ಕಿಂತ ಹೆಚ್ಚು ಕಾಲ ಯಾರೂ ಮುಟ್ಟದ, ಯಜಮಾನರಿಲ್ಲದ ಸ್ವಿಚ್ಚುಗಳನ್ನು ಅವನು ಪಟ್ಟಿ ಮಾಡಿದ. ಕನ್ನಡದ ಸ್ವಿಚ್ಚು ಪಟ್ಟಿಯಲ್ಲಿತ್ತು. ನಾವು ಮೂವರೂ ಬರೆದು ಕೊಟ್ಟ ಆಕ್ಷೇಪಕ್ಕೆ, ಈ ಸ್ವಿಚ್ಚಿನ ಹೊಣೆ ಈಗ ಯಾವ ವಿಭಾಗದ್ದು ಎಂಬ ಪ್ರಶ್ನೆ ಬಂತು. ಯಾವ ವಿಭಾಗದ್ದೂ ಅಲ್ಲ. ಒಂದು ಮಧ್ಯಾಹ್ನ ಹುಡುಗ ಸ್ವಿಚ್ಚನ್ನೂ ಅದರ ಹಿಂದಿದ್ದ ಬುಟ್ಟಿಯನ್ನೂ ತೆಗೆದ. ನಿಯಮದ ಪ್ರಕಾರ ಅವನು ಮಾಡಿದ್ದು ಪೂರ್ತಿ ಸರಿ. ಪುಟದ ತೂಕ ಇಷ್ಟು ಕಡಿಮೆಯಾಯಿತೆಂದು ಅವನಿಗೆ ಮೆಚ್ಚುಗೆಯೂ ಸಿಕ್ಕಿತು. ನಾನಿದ್ದರೂ ಆ ಪಟ್ಟಿಯನ್ನು ಹಾಗೆಯೇ ಮಾಡುತ್ತಿದ್ದೆ.

ಈ ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನೈಟ್ ಕ್ಯಾಪಿಟಲ್ಲಿನಲ್ಲಿ ಸತ್ತದ್ದನ್ನು ಯಾರೂ ತೆಗೆಯಲಿಲ್ಲ, ಅದು ಎದ್ದು ಕುಣಿಯಿತು. ಇಲ್ಲಿ ಬದುಕಬೇಕಾದದ್ದಕ್ಕೆ ಯಾರೂ ಜೀವ ತುಂಬಲಿಲ್ಲ, ಅದು ಸತ್ತವುಗಳ ಪಟ್ಟಿಗೆ ಸೇರಿತು. ನಷ್ಟದ ಗಾತ್ರದಲ್ಲಿ ಹೋಲಿಕೆಯಿಲ್ಲ; ಕಾರಣ ಮಾತ್ರ ಒಂದೇ. ಸ್ವಿಚ್ಚು ಎಂದರೆ ಮುಂದೂಡಿದ ಒಂದು ತೀರ್ಮಾನ. ಮುಂದೂಡುವುದರಲ್ಲಿ ತಪ್ಪಿಲ್ಲ. ಫ್ಲಿಕರಿನವರು ಧೈರ್ಯವಾಗಿ ದಿನಕ್ಕೆ ಹತ್ತು ಸಲ ಬದಲಾಯಿಸಿದ್ದು, ಹರಟೆಯ ಕಿಟಕಿ 7 ಕೋಟಿ ಜನರ ಎದುರು ಕುಸಿಯದೆ ತೆರೆದದ್ದು, ಎಲ್ಲವೂ ಸರಿಯಾದ ಹೊತ್ತಿಗಾಗಿ ಕಾದದ್ದರಿಂದ ಬಂದ ಫಲ. ಆದರೆ ಅವರ ಮುಂದೆ ಒಂದು ದಿನವಿತ್ತು; ಆ ದಿನ ಹಾಕು ಅಥವಾ ತೆಗೆ ಎನ್ನುವವರೊಬ್ಬರಿದ್ದರು. ಆ ದಿನವೂ ಆ ಮನುಷ್ಯನೂ ಇಲ್ಲದ ಸ್ವಿಚ್ಚು, ಕಚೇರಿಗಳಲ್ಲಿ ಪರಿಶೀಲನೆಯಲ್ಲಿದೆ ಎಂದು ಷರಾ ಬರೆದ ಕಡತವಿದ್ದಂತೆ. ಅರ್ಜಿ ಕೊಟ್ಟವನು ಕಾಯುತ್ತಿರುತ್ತಾನೆ, ಕಡತ ಯಾರ ಮೇಜಿನ ಮೇಲೂ ಇರುವುದಿಲ್ಲ.

ನಾನು ಆಮೇಲೆ ಸೇರಿದ ಕಡೆಯಲ್ಲಿ ಒಂದು ಕ್ರಮವಿತ್ತು. ಹೊಸ ಸ್ವಿಚ್ಚು ಹಾಕುವವರು ಅದರ ಕೆಳಗೆ ಎರಡು ಸಾಲು ಬರೆಯಲೇಬೇಕು: ತೀರ್ಮಾನ ಮಾಡುವವರ ಹೆಸರು, ತೀರ್ಮಾನದ ತಾರೀಖು. ತಾರೀಖು ದಾಟಿದರೆ ಆ ಹೆಸರಿನವರ ಹೊಸ ಕೆಲಸ ಮುಂದೆ ಹೋಗದಂತೆ ಯಂತ್ರವೇ ತಡೆಯುತ್ತಿತ್ತು. ಗೊಣಗಾಡುವವರು ಬಹಳ. ಹೆಸರು ಬರೆಯುವಾಗ ಕೈ ಹಿಂಜರಿಯುವವರನ್ನೂ ಕಂಡೆ. ಹಿಂಜರಿದವರಲ್ಲಿ ಕೆಲವರು, ಹಾಗಾದರೆ ಸ್ವಿಚ್ಚೇ ಬೇಡ, ಇದನ್ನು ಈಗಲೇ ಎಲ್ಲರಿಗೂ ಕೊಟ್ಟುಬಿಡೋಣ ಎಂದರು, ಕೆಲವರು ಇದನ್ನು ಕಟ್ಟುವುದೇ ಬೇಡ ಎಂದರು. ಎರಡೂ ಉತ್ತರಗಳೇ. ಹಾವೇರಿಯ ಆ ಹೆಣ್ಣುಮಗಳಿಗೆ ಹೌದು ಎಂದೋ ಇಲ್ಲ ಎಂದೋ, ಎರಡರಲ್ಲಿ ಒಂದನ್ನು ನಾವು ಹೇಳಬೇಕಾಗಿತ್ತು. ಇಲ್ಲ ಎಂದಿದ್ದರೆ ಆಕೆ ಬೇರೆ ಅಂಗಡಿಗೆ ಹೋಗುತ್ತಿದ್ದಳು, ಅಥವಾ ನಮ್ಮೊಂದಿಗೆ ಜಗಳವಾಡುತ್ತಿದ್ದಳು. ತನ್ನ ಫೋನನ್ನು ಮಾತ್ರ ಅನುಮಾನಿಸುತ್ತಿರಲಿಲ್ಲ.